ಮಳೆಗಾಲದ ಬೂಷ್ಟು: ಗೋಡೆ, ಟೈಲ್ಸ್, ನೆಲ ತೊಳೆದು ಒಣಗಿಸುವ ಸಮಗ್ರ ಮಾರ್ಗದರ್ಶಿ

ಪುನರ್ವಸು ಮಳೆ ಹಿಡಿದು ಎಂಟು ದಿನವಾದರೆ ಸಾಕು, ಮೂಡಿಗೆರೆ ಸೀಮೆಯ ನಮ್ಮ ಮನೆಯ ಪಡುವಣ ಗೋಡೆ ಬಣ್ಣ ಬದಲಾಯಿಸಲು ಶುರು ಮಾಡುತ್ತದೆ. ಮೊದಲು ಮೂಲೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ. ಆಮೇಲೆ ಬೀರುವಿನ ಹಿಂದೆ ಬೂದಿ ಬಣ್ಣದ ಹಾಸು. ಕೊನೆಗೆ ಕೋಣೆಯ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುವ ಮುಗ್ಗು ವಾಸನೆ. ಸಕಲೇಶಪುರ, ಹಾನುಬಾಳು, ಕಳಸ, ಕೊಪ್ಪ, ಶೃಂಗೇರಿ, ಯಾವ ಕಡೆಯವರನ್ನು ಕೇಳಿದರೂ ಇದೇ ಕಥೆ. ಇದೇ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಅರಸೀಕೆರೆ, ಕಡೂರಿನ ನೆಂಟರಿಗೆ ಹೇಳಿದರೆ ಅವರಿಗೆ ಇದು ಅಷ್ಟಾಗಿ ಅರ್ಥವಾಗುವುದಿಲ್ಲ. ಅವರ ಗೋಡೆಗೆ ಬಿಸಿಲು ಸಿಗುತ್ತದೆ, ನಮ್ಮದಕ್ಕೆ ಮೂರು ತಿಂಗಳು ಸಿಗುವುದಿಲ್ಲ.

ಬಹಳ ವರ್ಷ ನಾನೂ ಎಲ್ಲರಂತೆ ಬ್ಲೀಚಿಂಗ್ ಪೌಡರ್ ಕಲಸಿ ಉಜ್ಜುತ್ತಿದ್ದೆ. ಗೋಡೆ ಬೆಳ್ಳಗಾಗುತ್ತಿತ್ತು, ಹದಿನೈದು ದಿನಕ್ಕೆ ಚುಕ್ಕಿ ಅದೇ ಜಾಗದಲ್ಲಿ ಮೂಡುತ್ತಿತ್ತು. ತಪ್ಪು ಔಷಧಿಯದಾಗಿರಲಿಲ್ಲ. ನಾನು ತೊಳೆಯುತ್ತಿದ್ದೆ, ಒಣಗಿಸುತ್ತಿರಲಿಲ್ಲ. ಬೂಷ್ಟಿನ ಬೀಜಕಣ ಗಾಳಿಯಲ್ಲಿ ಯಾವಾಗಲೂ ಇರುತ್ತದೆ, ಅದನ್ನು ಮನೆಯಿಂದ ಪೂರ್ತಿ ಓಡಿಸಲು ಯಾರಿಂದಲೂ ಆಗದು. ಅದು ತಿನ್ನುವ ಧೂಳು, ಸೋಪಿನ ಜಿಡ್ಡು, ಅಡುಗೆ ಎಣ್ಣೆಯ ಪಸೆ, ಬಣ್ಣದ ಅಂಟು ಎಲ್ಲ ಮನೆಯಲ್ಲೂ ಇದೆ. ನಮ್ಮ ಕೈಯಲ್ಲಿರುವುದು ನೀರೊಂದೇ. ಹಾಗಾಗಿ ಈ ಬರಹದಲ್ಲಿ ಉಜ್ಜುವುದಕ್ಕಿಂತ ಒಣಗಿಸುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು, ಅದು ಬೂಷ್ಟೇ ಹೌದಾ?

ಗೋಡೆಯ ಮೇಲೆ ಕಾಣುವುದೆಲ್ಲ ಬೂಷ್ಟಲ್ಲ. ಬಿಳಿಯ ಪುಡಿ ಎದ್ದಿದ್ದರೆ ಅದರ ಮೇಲೆ ಒಂದು ಹನಿ ನೀರು ಬಿಡಿ. ಕರಗಿ ಮಾಯವಾದರೆ ಅದು ಇಟ್ಟಿಗೆ, ಸಿಮೆಂಟಿನಿಂದ ಹೊರಬಂದ ಉಪ್ಪು. ಒಣ ಬ್ರಷ್ಷಿನಲ್ಲಿ ಗುಡಿಸಿದರೆ ಹೋಗುತ್ತದೆ, ಆದರೆ ಗೋಡೆಯೊಳಗೆ ನೀರು ಓಡಾಡುತ್ತಿದೆ ಅಂತ ಅದು ಹೇಳುತ್ತಿದೆ. ಕಪ್ಪು ಕಲೆ ಬರೀ ಮಸಿಯೋ ಬೂಷ್ಟೋ ತಿಳಿಯದಿದ್ದರೆ ಹತ್ತಿಯಲ್ಲಿ ಒಂದು ಹನಿ ಬ್ಲೀಚ್ ದ್ರಾವಣ ಮುಟ್ಟಿಸಿ ನೋಡಿ. ಒಂದೆರಡು ನಿಮಿಷದಲ್ಲಿ ಬಣ್ಣ ತಿಳಿಯಾದರೆ ಬೂಷ್ಟು, ಹಾಗೇ ಉಳಿದರೆ ಹೆಚ್ಚಾಗಿ ಕೊಳೆ ಅಥವಾ ಹೊಗೆಮಸಿ. ಅಂಗಳದಲ್ಲಿ, ಮೆಟ್ಟಿಲ ಮೇಲೆ ಕಾಲು ಜಾರಿಸುವ ಹಸಿರು ಹಾವಸೆ ಪಾಚಿಯ ಜಾತಿ. ಅದಕ್ಕೆ ಬೆಳಕು ಬೇಕು, ಬೂಷ್ಟಿಗೆ ಬೇಡ. ಬಚ್ಚಲಿನ ಟೈಲ್ಸ್ ಸಂದಿಯಲ್ಲಿ ಕಾಣುವ ಗುಲಾಬಿ ಬಣ್ಣದ ಲೋಳೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾದ್ದು. ತೊಳೆಯುವ ಕ್ರಮ ಮಾತ್ರ ಎರಡಕ್ಕೂ ಒಂದೇ.

2021ರಲ್ಲಿ ಕೋವಿಡ್ ಜೊತೆ ಕಪ್ಪು ಶಿಲೀಂಧ್ರ ಅನ್ನುವ ಹೆಸರು ಕೇಳಿದ ಮೇಲೆ ಗೋಡೆಯ ಕಪ್ಪು ಚುಕ್ಕಿ ಕಂಡರೆ ಹೆದರುವವರು ಜಾಸ್ತಿಯಾಗಿದ್ದಾರೆ. ಆ ಕಾಯಿಲೆ ತರುವ ಶಿಲೀಂಧ್ರದ ಗುಂಪೇ ಬೇರೆ. ಅದು ದಾಳಿ ಮಾಡಿದ ಜಾಗದ ಮಾಂಸ ಸತ್ತು ಕಪ್ಪಾಗುವುದರಿಂದ ಆ ಹೆಸರು ಬಂತು. ಗೋಡೆಯ ಬೂಷ್ಟಿನ ಬಣ್ಣ ನೋಡಿ ಅದು ಎಷ್ಟು ಅಪಾಯಕಾರಿ ಅಂತ ಅಳೆಯಲು ಬರುವುದಿಲ್ಲ. ಕಪ್ಪಾಗಲಿ, ಹಸಿರಾಗಲಿ, ಬಿಳಿಯಾಗಲಿ, ಎಲ್ಲವನ್ನೂ ಒಂದೇ ಎಚ್ಚರಿಕೆಯಿಂದ ತೆಗೆಯಿರಿ.

ನೀರು ಬರುವ ದಾರಿ ಹುಡುಕಿ

ಬಕೆಟ್ ಕೈಗೆತ್ತಿಕೊಳ್ಳುವ ಮೊದಲು ಈ ಕೆಲಸ. ನೀರಿನ ದಾರಿ ಮುಚ್ಚದೆ ತೊಳೆದರೆ ಆ ದಿನದ ಶ್ರಮ ಅಷ್ಟೂ ದಂಡ.

ನಮ್ಮಲ್ಲಿ ನೀರು ನಾಲ್ಕು ಕಡೆಯಿಂದ ಬರುತ್ತದೆ. ಮಾಡಿನಿಂದ ಸೋರುವುದು ಎಲ್ಲರಿಗೂ ಗೊತ್ತು: ಒಡೆದ ಹೆಂಚು, ಕೋತಿ ಸರಿಸಿದ ಹೆಂಚು, ಎಲೆ ಕಟ್ಟಿಕೊಂಡ ದೋಣಿ (ಮಾಡಿನ ನೀರು ಹರಿದುಹೋಗುವ ಕಾಲುವೆ), ಇಳಿಜಾರಿಲ್ಲದ ತಾರಸಿ. ಎರಡನೆಯದು ಎರಚಲು. ಮುಂಗಾರಿನ ಗಾಳಿ ನೈಋತ್ಯದಿಂದ, ಪಡುವಣದಿಂದ ಹೊಡೆಯುವುದರಿಂದ ಆ ಕಡೆಯ ಗೋಡೆ ತಿಂಗಳುಗಟ್ಟಲೆ ನೆನೆಯುತ್ತದೆ. ಹಿಂದಿನವರು ಮಳೆಗೆ ಮುಂಚೆ ಜಗಲಿಗೂ ಗೋಡೆಗೂ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕೇ. ಸೂರು ಚಿಕ್ಕದಾಗಿರುವ ಹೊಸ ಮನೆಗಳಲ್ಲಿ ತಟ್ಟಿಯೂ ಇಲ್ಲ, ಗೋಡೆಗೆ ಕೊಡೆಯೂ ಇಲ್ಲ. ಮೂರನೆಯದು ಪಾಯದಿಂದ ಮೇಲೇರುವ ತೇವ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಪಟ್ಟಿಯಂತೆ ಕಲೆ ಕಂಡರೆ ಅದೇ.

ನಾಲ್ಕನೆಯದನ್ನು ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮನೆಯೊಳಗೆ ನಾವೇ ಮಾಡುವ ನೀರಾವಿ ಅದು. ಅಡುಗೆ ಗ್ಯಾಸ್ ಉರಿಯುವಾಗ ನೀರಾವಿ ಹುಟ್ಟುತ್ತದೆ, 1 ಕೆಜಿ ಗ್ಯಾಸಿಗೆ ಸುಮಾರು ಒಂದೂವರೆ ಲೀಟರಿಗಿಂತ ತುಸು ಹೆಚ್ಚು. 14.2 ಕೆಜಿಯ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರಿನಷ್ಟು ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಅನ್ನ, ಸಾರು ಕುದಿಯುವ ಆವಿ ಬೇರೆ. ಕೋಣೆಯೊಳಗೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿದರೆ ಅದರ ನೀರೆಲ್ಲ ಗೋಡೆಗೇ ಹೋಗಬೇಕು, ಬೇರೆ ಜಾಗವಿಲ್ಲ. ಸೌದೆ ಒಲೆ ಇದ್ದ ಕಾಲದಲ್ಲಿ ಹೊಗೆಯ ಜೊತೆ ಆವಿಯೂ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು, ಒಲೆಯ ಕಾವು ಗೋಡೆಗಳನ್ನು ಬೆಚ್ಚಗಿಡುತ್ತಿತ್ತು. ಆ ಹೊಗೆ ಕುಡಿದು ನಮ್ಮ ಅಮ್ಮಂದಿರು ಕೆಮ್ಮಿದ್ದನ್ನು ಕಂಡವರು ಯಾರೂ ಅದಕ್ಕೆ ಹಿಂತಿರುಗಿ ಅನ್ನಲಾರರು. ಆದರೆ ಗ್ಯಾಸ್ ಬಂದ ಮೇಲೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು.

ನೀರು ಗೋಡೆಯೊಳಗಿನದೋ ಕೋಣೆಯ ಗಾಳಿಯದೋ ತಿಳಿಯಲು ಒಂದು ಸುಲಭ ಉಪಾಯವಿದೆ. ಗೋಡೆಯ ಒಂದು ಅಡಿ ಜಾಗವನ್ನು ಒರೆಸಿ ಒಣಗಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಬೆವರಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಮುಂದೆ, ಕೋಣೆಯ ಕಡೆ ಬೆವರಿದ್ದರೆ ಮನೆಯೊಳಗಿನ ಆವಿ ತಣ್ಣನೆಯ ಗೋಡೆಗೆ ಬಂದು ನೀರಾಗುತ್ತಿದೆ. ಮೊದಲನೆಯದಕ್ಕೆ ಗಾರೆಯವರು ಬೇಕು, ಎರಡನೆಯದನ್ನು ನೀವೇ ಸರಿಮಾಡಬಹುದು.

ಯಾವ ದಿನ ತೊಳೆಯಬೇಕು

ಬೇರೆ ಊರಿನ ಸಲಹೆಗಳು ಇಲ್ಲಿ ಕೈಕೊಡುತ್ತವೆ. ತೊಳೆದು ಕಿಟಕಿ ತೆರೆದಿಡಿ, ಗಾಳಿಗೆ ಒಣಗುತ್ತದೆ ಅನ್ನುತ್ತಾರೆ. ಪುಷ್ಯ, ಆಶ್ಲೇಷಾ ಮಳೆಯಲ್ಲಿ ಕೊಟ್ಟಿಗೆಹಾರದಲ್ಲಿ ಕಿಟಕಿ ತೆರೆದರೆ ಒಳಗೆ ಬರುವುದು ಮೋಡ. ಹೊರಗಿನ ಗಾಳಿಯಲ್ಲೇ ತೇವಾಂಶ ಶೇ 90 ದಾಟಿರುವಾಗ ಅದು ಏನನ್ನೂ ಒಣಗಿಸಲಾರದು. ನೆನೆದ ಗೋಡೆಯ, ನೆಲದ ಮೈ ಒಂದೆರಡು ದಿನದೊಳಗೆ, ಅಂದರೆ 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಮತ್ತೆ ಬೇರು ಬಿಡಲು ಶುರು ಮಾಡುತ್ತದೆ.

ಅದಕ್ಕೆ ನಾನು ಕೆಲಸವನ್ನು ಎರಡು ಪಾಲು ಮಾಡಿಕೊಂಡಿದ್ದೇನೆ. ಜಡಿಮಳೆಯ ವಾರಗಳಲ್ಲಿ ಗೋಡೆಗೆ ಬಕೆಟ್ ನೀರು ತೋರಿಸುವುದಿಲ್ಲ. ಸೋಪಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ ಬಿಡುತ್ತೇನೆ. ಬೆಳೆಯದಂತೆ ತಡೆದರೆ ಅಷ್ಟು ಸಾಕು. ಮಳೆ ಎರಡು ಮೂರು ದಿನ ಹೊಳವಾದಾಗ, ಇಲ್ಲವೇ ಉತ್ತರೆ ಮಳೆ ಕಳೆದು ಬಿಸಿಲು ಬಿದ್ದಾಗ ಪೂರ್ತಿ ತೊಳೆಯುತ್ತೇನೆ. ಟೈಲ್ಸ್, ಗಾಜು, ಸ್ಟೀಲಿನಂಥ ನೀರು ಕುಡಿಯದ ಮೈಗಳಿಗೆ ಈ ಕಾಯುವಿಕೆ ಬೇಡ, ಅವನ್ನು ಯಾವಾಗ ಬೇಕಾದರೂ ತೊಳೆದು ಒರೆಸಬಹುದು.

ಯಾರು ಕೈ ಹಾಕಬಾರದು

ಆಸ್ತಮಾ, ಅಲರ್ಜಿ ಇರುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು ಈ ಕೆಲಸ ಮಾಡಬಾರದು. ಮಕ್ಕಳನ್ನೂ ಅಜ್ಜ ಅಜ್ಜಿಯರನ್ನೂ ಆ ಹೊತ್ತು ಬೇರೆ ಕೋಣೆಯಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲೇ ಕೂರಿಸಿ. ನಮ್ಮ ಕಡೆ ಮನೆಯ ಹೆಂಗಸರು, ಕೆಲಸಕ್ಕೆ ಬರುವ ಹೆಂಗಸರು ಸೆರಗು ಮೂಗಿಗೆ ಕಟ್ಟಿಕೊಂಡು ಉಜ್ಜುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಬೂಷ್ಟಿನ ಕಣ ಕಣ್ಣಿಗೆ ಕಾಣದಷ್ಟು ಸಣ್ಣದು, ಸೀರೆಯ ಬಟ್ಟೆ ಅದನ್ನು ತಡೆಯುವುದಿಲ್ಲ. ಎನ್-95 ಮಾಸ್ಕ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಕೆಲಸದವರ ಕೈಗೂ ಒಂದು ಕೊಡಿ, ಮೂಗಿನ ಮೇಲಿನ ತಂತಿ ಒತ್ತಿ ಸರಿಯಾಗಿ ಹಾಕಿಕೊಳ್ಳುವುದನ್ನು ತೋರಿಸಿ. ಜೊತೆಗೆ ಮೊಣಕೈವರೆಗಿನ ರಬ್ಬರ್ ಗ್ಲೌಸ್, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ. ತಲೆಯ ಮೇಲಿನ ಜಾಗ ಉಜ್ಜುವಾಗ ಕನ್ನಡಕ ಬಿಡಲೇಬೇಡಿ.

ಬೂಷ್ಟು ಹಿಡಿದ ಜಾಗ ಒಟ್ಟು 10 ಚದರ ಅಡಿಯೊಳಗಿದ್ದರೆ, ಅಂದರೆ ಸುಮಾರು ಮೂರು ಅಡಿ ಉದ್ದ ಮೂರು ಅಡಿ ಅಗಲ, ಮನೆಯವರೇ ಮಾಡಿಕೊಳ್ಳಬಹುದು ಅನ್ನುವುದು ರೂಢಿಯ ಲೆಕ್ಕ. ಅದಕ್ಕಿಂತ ಹೆಚ್ಚಾದರೆ, ಕೊಳಚೆ ನೀರು ನುಗ್ಗಿದ್ದರೆ, ಅನುಭವವಿರುವವರನ್ನು ಕರೆಸಿ.

ತೊಳೆಯುವ ಕ್ರಮ

ಮೊದಲು ಕೋಣೆಯ ಬಟ್ಟೆ, ಹಾಸಿಗೆ, ಪುಸ್ತಕ ಹೊರಗೆ. ಬೀರು, ಮಂಚ ಗೋಡೆಯಿಂದ ಸರಿಸಿ. ಉಳಿದ ಕೋಣೆಗಳ ಕಡೆಯ ಬಾಗಿಲು ಮುಚ್ಚಿ, ಅಡಿ ಸಂದಿಗೆ ಹಳೆ ಪಂಚೆ ತುರುಕಿ, ಹೊರಗಿನ ಕಿಟಕಿ ಮಾತ್ರ ತೆರೆಯಿರಿ. ಫ್ಯಾನ್ ಆಫ್ ಇರಲಿ, ಇಲ್ಲದಿದ್ದರೆ ಬೂಷ್ಟಿನ ಪುಡಿಯನ್ನು ಮನೆತುಂಬ ಅದೇ ಹಂಚುತ್ತದೆ. ಸ್ವಿಚ್ ಬೋರ್ಡ್ ಹತ್ತಿರ ಒರೆಸುವುದಾದರೆ ಮೇನ್ ಸ್ವಿಚ್ ಇಳಿಸಿಯೇ ಒರೆಸಿ. ಮಳೆಗಾಲದ ಒದ್ದೆ ಗೋಡೆಯಲ್ಲಿ ಕರೆಂಟ್ ಹರಿಯುವುದುಂಟು.

ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಬಟ್ಟೆ ಸೋಪಿನ ಪುಡಿ, ಲೀಟರಿಗೆ ಒಂದು ಚಮಚದಂತೆ. ಇನ್ನೊಂದರಲ್ಲಿ ಬರೀ ನೀರು. ಕೊಳೆಯಾದ ಬಟ್ಟೆಯನ್ನು ಮತ್ತೆ ಸೋಪಿನ ನೀರಿಗೆ ಅದ್ದಬೇಡಿ, ಮೊದಲು ಬರೀ ನೀರಲ್ಲಿ ಜಾಲಿಸಿ. ಹಾಗೆ ಮಾಡದಿದ್ದರೆ ಬೂಷ್ಟನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸಿದಂತೆ.

ಒಣ ಬೂಷ್ಟನ್ನು ಪೊರಕೆಯಿಂದ, ಒಣ ಬ್ರಷ್ಷಿನಿಂದ ಎಂದೂ ಮುಟ್ಟಬೇಡಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಮಾಡುವ ತಪ್ಪು ಇದೇ. ಒಂದು ಸಲ ಗುಡಿಸಿದರೆ ಲಕ್ಷಗಟ್ಟಲೆ ಕಣ ಗಾಳಿಗೆ ಏಳುತ್ತದೆ, ಅದು ಶ್ವಾಸಕ್ಕೂ ಹೋಗುತ್ತದೆ, ಪಕ್ಕದ ಗೋಡೆಗೂ ಕೂರುತ್ತದೆ. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತುಂಬಿ ಮೊದಲು ಮಂಜಿನಂತೆ ಸಿಂಪಡಿಸಿ, ಎರಡು ನಿಮಿಷ ನೆನೆಯಲು ಬಿಡಿ. ನೀರು ಇಳಿಯುವಷ್ಟು ಬೇಡ.

ಆಮೇಲೆ ಕಲೆಯ ಹೊರ ಅಂಚಿನಿಂದ ನಡುವಿನ ಕಡೆಗೆ, ಮೇಲಿನಿಂದ ಕೆಳಕ್ಕೆ ಒರೆಸುತ್ತಾ ಬನ್ನಿ. ಕಲೆ ಕಾಣುವ ಜಾಗಕ್ಕಿಂತ ಒಂದು ಗೇಣು ಆಚೆಯವರೆಗೂ ಒರೆಸಿ, ಕಣ್ಣಿಗೆ ಕಾಣದ ಎಳೆಗಳು ಅಲ್ಲಿಯವರೆಗೆ ಹರಡಿರುತ್ತವೆ. ಒರಟು ಮೈಗೆ ಮೆತ್ತನೆಯ ನೈಲಾನ್ ಬ್ರಷ್, ನಯವಾದ್ದಕ್ಕೆ ಬಟ್ಟೆ. ತಂತಿ ಬ್ರಷ್ ಗೀರು ಬೀಳಿಸುತ್ತದೆ, ಮುಂದಿನ ಮಳೆಗೆ ಬೂಷ್ಟು ಆ ಗೀರಿನಲ್ಲೇ ಕೂರುತ್ತದೆ. ಶುದ್ಧ ನೀರಿನ ಬಟ್ಟೆಯಿಂದ ಸೋಪನ್ನು ಪೂರ್ತಿ ತೆಗೆಯಿರಿ, ಉಳಿದ ಸೋಪಿನ ಪಸೆ ಅದಕ್ಕೆ ಊಟ. ಕೂಡಲೇ ಒಣ ಬಟ್ಟೆಯಿಂದ ಒತ್ತಿ ಒರೆಸಿ.

ಬಳಸಿದ ಬಟ್ಟೆ ತೀರಾ ಹಾಳಾಗಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ, ಉಳಿದದ್ದನ್ನು ಕುದಿಯುವ ನೀರಿಗೆ ಹಾಕಿ. ಉಟ್ಟ ಬಟ್ಟೆಯನ್ನೂ ಆಗಲೇ ತೊಳೆದು, ಸ್ನಾನ ಮಾಡಿ.

ಬ್ಲೀಚ್ ಬೇಕಾ?

ಹೆಚ್ಚಿನ ಸಲ ಬೇಡ. ಗಟ್ಟಿ ಮೈಯ ಮೇಲಿನ ಬೂಷ್ಟಿಗೆ ಸೋಪು, ನೀರು, ಕೈಯ ಶಕ್ತಿ ಸಾಕು. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಆದ್ದರಿಂದ ಅದನ್ನು ಕೊಲ್ಲುವುದಕ್ಕಿಂತ ಅಲ್ಲಿಂದ ತೆಗೆಯುವುದು ಮುಖ್ಯ. ಬ್ಲೀಚ್ ಬಣ್ಣ ಕಳೆದು ಬೆಳ್ಳಗೆ ಮಾಡುತ್ತದೆ, ಹೋಯಿತು ಅನ್ನಿಸುತ್ತದೆ. ನೀರು ಹೀರುವ ಗಾರೆ, ಮರದ ಒಳಗಿಳಿದ ಬೂಷ್ಟನ್ನು ಅದು ಪೂರ್ತಿ ತೆಗೆಯಲಾರದು, ಅದರ ನೀರು ಮಾತ್ರ ಒಳಗೆ ಉಳಿಯುತ್ತದೆ. ನನ್ನ ಗೋಡೆಯಲ್ಲಿ ವರ್ಷವರ್ಷವೂ ಆಗುತ್ತಿದ್ದದ್ದು ಇದೇ.

ಬಚ್ಚಲಿನ ಟೈಲ್ಸ್ ಸಂದಿಯಲ್ಲಿ ಸೋಪಿಗೆ ಜಗ್ಗದ ಕಪ್ಪು ಕಲೆಗೆ ಬಳಸಬಹುದು. ಅಂಗಡಿಯ ದ್ರವ ಬ್ಲೀಚ್ ಆದರೆ 1 ಲೀಟರ್ ನೀರಿಗೆ 60 ಮಿಲಿಗಿಂತ ಹೆಚ್ಚು ಬೇಡ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಹೊಸದಾಗಿದ್ದರೆ ಲೀಟರಿಗೆ 10 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ. ಪ್ಲಾಸ್ಟಿಕ್ ಬಕೆಟಿನಲ್ಲಿ ಕಲಸಿ, ಗಸಿ ಕೆಳಗಿಳಿದ ಮೇಲೆ ತಿಳಿನೀರನ್ನು ಮಾತ್ರ ಬಳಸಿ. ನಮ್ಮ ಥಂಡಿಗೆ ಪೌಡರಿನ ಶಕ್ತಿ ಬೇಗ ಹೋಗುತ್ತದೆ, ಹೋದ ವರ್ಷದ ಪೊಟ್ಟಣವನ್ನು ನಂಬಬೇಡಿ. ಸೋಪಿನಲ್ಲಿ ತೊಳೆದು ಜಾಲಿಸಿದ ಮೇಲೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ತೊಳೆದು ಒರೆಸಿ. ಸ್ಟೀಲು, ಅಲ್ಯೂಮಿನಿಯಂ, ಮರಕ್ಕೆ ತಾಗಿಸಬೇಡಿ.

ಇನ್ನು ಮುಂದಿನದನ್ನು ದಯವಿಟ್ಟು ಎರಡು ಸಲ ಓದಿ. ಬ್ಲೀಚನ್ನು ಬೇರೆ ಯಾವುದರ ಜೊತೆಗೂ ಸೇರಿಸಬೇಡಿ. ಟಾಯ್ಲೆಟ್ ತೊಳೆಯುವ ದ್ರವದಲ್ಲಿ ಆಸಿಡ್ ಇರುತ್ತದೆ. ಅದು, ವಿನೆಗರ್, ನಿಂಬೆರಸ, ಯಾವುದು ಬ್ಲೀಚಿಗೆ ಸೇರಿದರೂ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಸೇರಿದರೆ ಇನ್ನೊಂದು ವಿಷ. ಒಂದು ಮಳೆಗಾಲದಲ್ಲಿ ನಾನು ಬಚ್ಚಲಿನ ಮೂಲೆಗೆ ಆಸಿಡ್ ದ್ರವ ಹಾಕಿ, ಅದು ಪೂರ್ತಿ ತೊಳೆದುಹೋಗುವ ಮೊದಲೇ ಬ್ಲೀಚಿಂಗ್ ನೀರು ಸುರಿದೆ. ಮೂಗು, ಗಂಟಲು ಉರಿದು, ಕಣ್ಣು ಬಿಡಲಾಗದೆ, ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ರಾತ್ರಿಯಿಡೀ ಕೆಮ್ಮು. ಸಣ್ಣ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಾಗೇನಾದರೂ ಆದರೆ ತೊಳೆಯಲು ನಿಲ್ಲಬೇಡಿ, ಮೊದಲು ಬಯಲಿಗೆ ಬನ್ನಿ. ಉಸಿರು ಹಿಡಿದಂತಾದರೆ ಆಸ್ಪತ್ರೆಗೆ ಹೋಗಿ.

ಬ್ಲೀಚ್ ಬೇಡ ಅನ್ನುವವರಿಗೆ ಹೈಡ್ರೋಜನ್ ಪೆರಾಕ್ಸೈಡ್ ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ಸಿಗುವ 20 ವಾಲ್ಯೂಮ್ ಬಾಟಲಿಯಲ್ಲಿ ಅದು ಶೇ 6ರಷ್ಟಿರುತ್ತದೆ, ಸಮ ನೀರು ಸೇರಿಸಿದರೆ ಶೇ 3. ಸಿಂಪಡಿಸಿ ಹತ್ತು ನಿಮಿಷ ಬಿಟ್ಟು ಒರೆಸಿ. ಬಣ್ಣದ ಮೈಯಾದರೆ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಬಿಳಿ ವಿನೆಗರ್ ಟೈಲ್ಸಿಗೆ, ಗಾಜಿಗೆ ಆಗುತ್ತದೆ, ಮಾರ್ಬಲ್ ಮತ್ತು ಕಡಪ ಕಲ್ಲಿಗೆ ಆಗದು, ಹುಳಿ ಅವನ್ನು ತಿನ್ನುತ್ತದೆ.

ತೋಟದವರು ಕೇಳುವ ಇನ್ನೊಂದು ಪ್ರಶ್ನೆ: ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಉಳಿದಿದೆ, ಗೋಡೆಗೆ ಹೊಡೆಯಬಹುದಾ? ಬೇಡ. ಅದರಲ್ಲಿರುವ ಮೈಲುತುತ್ತ ಗೋಡೆಗೆ ನೀಲಿ ಕಲೆ ಬಿಡುತ್ತದೆ, ಕಬ್ಬಿಣವನ್ನು ತಿನ್ನುತ್ತದೆ, ಒಣಗಿ ಪುಡಿಯಾದರೆ ಮಕ್ಕಳ ಕೈಗೆ ಹತ್ತುತ್ತದೆ. ಆದರೆ ಬೋರ್ಡೋ ಹೊಡೆಯುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿದೆ. ಮಳೆ ಬಲಿಯುವ ಮೊದಲು ಹೊಡೆದರೆ ಗೊನೆ ಉಳಿಯುತ್ತದೆ, ಕೊಳೆ ಹತ್ತಿದ ಮೇಲೆ ಹೊಡೆದರೆ ಉದುರಿದ ಕಾಯಿ ವಾಪಸು ಬರುವುದಿಲ್ಲ. ಮನೆಯ ದೋಣಿ, ಹೆಂಚು, ಬಿರುಕುಗಳನ್ನೂ ಹಾಗೇ ಕೃತ್ತಿಕೆ, ರೋಹಿಣಿಯಲ್ಲೇ ನೋಡಿಬಿಡಿ.

ಮೈಗೆ ತಕ್ಕ ಕೈ

ಟೈಲ್ಸ್, ಗ್ರಾನೈಟ್, ಗಾಜು, ಸ್ಟೀಲಿಗೆ ಮೇಲೆ ಹೇಳಿದ್ದಷ್ಟೇ ಸಾಕು. ಗ್ರಾನೈಟಿಗೆ ವಿನೆಗರ್ ತಾಗಿಸದಿದ್ದರೆ ಹೊಳಪು ಉಳಿಯುತ್ತದೆ. ಫ್ರಿಡ್ಜಿನ ಬಾಗಿಲಿನ ರಬ್ಬರ್, ವಾಷಿಂಗ್ ಮೆಷೀನಿನ ರಬ್ಬರ್ ಮಡಿಕೆ ಬಿಡಿಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ಒರೆಸಿ, ಮೆಷೀನಿನ ಬಾಗಿಲನ್ನು ಬಳಸಿದ ಮೇಲೆ ತೆರೆದೇ ಇಡಿ.

ಕಾವಿ ನೆಲಕ್ಕೆ, ಅಂದರೆ ರೆಡ್ ಆಕ್ಸೈಡ್ ನೆಲಕ್ಕೆ, ಆಸಿಡ್ ಬೇಡವೇ ಬೇಡ. ಒಂದು ಸಲದ ಆಸಿಡ್ ಅಜ್ಜನ ಕಾಲದಿಂದ ಬಂದ ಹೊಳಪನ್ನು ತಿಂದುಬಿಡುತ್ತದೆ, ಮೈ ಒರಟಾಗುತ್ತದೆ, ಆಮೇಲೆ ಪ್ರತಿ ಮಳೆಗೂ ಬೂಷ್ಟೇ. ಸೋಪಿನ ನೀರು, ಒಣ ಬಟ್ಟೆ ಅಷ್ಟೇ. ಪೂರ್ತಿ ಒಣಗಿದ ಮೇಲೆ ತೆಳುವಾಗಿ ವ್ಯಾಕ್ಸ್ ಪಾಲಿಶ್ ಹಚ್ಚಿ.

ಬೀಟೆ, ಹೊನ್ನೆ, ಹಲಸಿನ ಬಾಗಿಲು, ಕಂಬಗಳಿಗೆ ಹಿಂಡಿದ ಸೋಪಿನ ಬಟ್ಟೆಯಿಂದ ಎಳೆಯ ದಿಕ್ಕಿನಲ್ಲೇ ಒರೆಸಿ, ಒಣ ಬಟ್ಟೆ ಆಡಿಸಿ. ಕೆತ್ತನೆಯ ಸಂದಿಗೆ ಮೆತ್ತನೆಯ ಬ್ರಷ್. ಕೂಡಲೇ ಎಣ್ಣೆ ಹಚ್ಚುವ ಆಸೆ ಬರುತ್ತದೆ, ಅದನ್ನು ತಡೆದುಕೊಳ್ಳಿ. ಒಳಗೆ ತೇವ ಇರುವಾಗ ಹಚ್ಚಿದ ಎಣ್ಣೆ ಬೂಷ್ಟಿಗೆ ಬಡಿಸಿದ ಊಟ. ಪಾಲಿಶ್ ಕೆಲಸ ಬೇಸಿಗೆಗೆ ಇರಲಿ.

ಬಣ್ಣ ಬಳಿದ ಗೋಡೆ ಸುಲಭದ್ದಲ್ಲ. ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಒರೆಸಿದರೆ ಬರುತ್ತದೆ. ಉಬ್ಬಿದ್ದರೆ, ಉಗುರಿಗೆ ಪುಡಿಯಾದರೆ ಬೂಷ್ಟು ಬಣ್ಣದ ಹಿಂದೆ ಇದೆ. ಅಲ್ಲಿ ಒದ್ದೆ ಮಾಡಿ, ಪಟ್ಟಿಯಿಂದ ಕೆರೆದು, ಗಟ್ಟಿ ಗಾರೆ ಸಿಗುವವರೆಗೆ ತೆಗೆಯಬೇಕು. ಅರೆಮನಸ್ಸಿನಿಂದ ಕೆರೆದು ಪುಟ್ಟಿ ಮೆತ್ತಿದ ಜಾಗ ಮುಂದಿನ ಆರಿದ್ರೆಗೆ ತಾನೇ ಉದುರುತ್ತದೆ.

ಪ್ಲೈವುಡ್ ಉಬ್ಬಿದ್ದರೆ, ಜಿಪ್ಸಮ್ ಸೀಲಿಂಗ್ ಮೆತ್ತಗಾಗಿದ್ದರೆ, ಹಾಸಿಗೆಯ ಹತ್ತಿಯೊಳಗೆ ಬೂಷ್ಟು ಇಳಿದಿದ್ದರೆ ತೊಳೆಯಲು ಹೋಗಬೇಡಿ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯಲ್ಲಿ ಗುಡ್ಡ ಜರಿದು ಮನೆಗಳಿಗೆ ಕೆಸರು ನೀರು ನುಗ್ಗಿದಂಥ ಹೊತ್ತಿನಲ್ಲೂ ಇದೇ ಮಾತು: ಗಟ್ಟಿ ಮೈ ತೊಳೆದು ಉಳಿಸಿಕೊಳ್ಳಬಹುದು, ನೀರು ಕುಡಿದು ಕೊಳೆತದ್ದನ್ನು ಬಿಡಬೇಕು. ಬಿಡುವುದು ಕಷ್ಟ, ಗೊತ್ತು. ಆದರೆ ಆ ಹಾಸಿಗೆಯ ಮೇಲೆ ಮಗು ಮಲಗುತ್ತದೆ.

ಒಣಗಿಸುವುದು

ಕೋಣೆಯ ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಾಫಿ ಬೀಜದ ತೇವ ಅಳೆಯದೆ ಮೂಟೆ ಕಟ್ಟದ ನಾವು ಮಲಗುವ ಕೋಣೆಯ ತೇವ ಅಳೆಯದೆ ಇರುವುದು ನನಗೆ ಸರಿ ಕಾಣುವುದಿಲ್ಲ. ಮೀಟರ್ ಶೇ 60ರ ಕೆಳಗಿದ್ದರೆ ಬೂಷ್ಟು ಏಳುವುದು ಕಷ್ಟ. ಮಳೆಗಾಲದ ಮಧ್ಯದಲ್ಲಿ ಇಲ್ಲಿ ಅಷ್ಟಕ್ಕೆ ಇಳಿಸುವುದು ಸುಲಭವಲ್ಲ, ಆದರೂ 85ರಿಂದ 70ಕ್ಕೆ ತಂದರೂ ಬೆಳೆಯುವ ವೇಗ ತಗ್ಗುತ್ತದೆ.

ಇಳಿಸಲು ಸುಲಭದ ದಾರಿ ಬೆಚ್ಚಗೆ ಮಾಡುವುದು. 20 ಡಿಗ್ರಿಯಲ್ಲಿ ಶೇ 90 ತೇವಾಂಶವಿರುವ ಗಾಳಿಯನ್ನು 24 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರೂ ಹೊರಗೆ ಹೋಗದೆ, ತೇವಾಂಶ ಶೇ 70ಕ್ಕೆ ಇಳಿಯುತ್ತದೆ. ಬಿಸಿಗಾಳಿ ಹೆಚ್ಚು ನೀರು ಹಿಡಿಯಬಲ್ಲದು, ಗೋಡೆಯಿಂದ ಎಳೆದುಕೊಳ್ಳುತ್ತದೆ. ಆ ಗಾಳಿಯನ್ನು ಆಮೇಲೆ ಹೊರಗೆ ಹಾಕಿದರೆ ನೀರೂ ಹೋಯಿತು. ಅದಕ್ಕೆ ತೊಳೆದ ಕೋಣೆಯಲ್ಲಿ ಎಲೆಕ್ಟ್ರಿಕ್ ಹೀಟರ್ ಒಂದು ಗಂಟೆ, ಜೊತೆಗೆ ಗೋಡೆಗೆ ಬಡಿಯುವಂತೆ ಟೇಬಲ್ ಫ್ಯಾನ್, ಆಮೇಲೆ ಹತ್ತು ನಿಮಿಷ ಕಿಟಕಿ ತೆರೆದು ಮತ್ತೆ ಮುಚ್ಚುವುದು, ಹೀಗೆ ಮೂರು ನಾಲ್ಕು ಸುತ್ತು ಮಾಡುತ್ತೇನೆ. ಕಿಟಕಿಯನ್ನು ದಿನವಿಡೀ ತೆರೆದಿಟ್ಟರೆ ಕಾಯಿಸಿದ್ದೂ ದಂಡ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ನೀರು ಹೀರುವ ಡಿಹ್ಯೂಮಿಡಿಫೈಯರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಕರೆಂಟ್ ಇದ್ದರೆ. ಮರ ಬಿದ್ದು ಮೂರು ದಿನ ಕರೆಂಟ್ ಹೋಗುವ ಊರುಗಳಲ್ಲಿ ಅದರ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ.

ಕರೆಂಟ್ ಇಲ್ಲದಾಗ ಅಗ್ಗಿಷ್ಟಿಕೆ ನೆನಪಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಅದರಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ. ಗ್ಯಾಸ್ ಒಲೆ ಹಚ್ಚಿ ಕೋಣೆ ಕಾಯಿಸುವುದೂ ಬೇಡ, ಅದರ ನೀರಿನ ಲೆಕ್ಕ ಮೇಲೆ ಹೇಳಿದ್ದೇನೆ. ಹೊಗೆಗೂಡಿರುವ ಬಚ್ಚಲೊಲೆಯ ಕಾವು ಮಾತ್ರ ಒಳ್ಳೆಯದು. ಆ ಒಲೆಗೆ ಒತ್ತಿಕೊಂಡ ಗೋಡೆಯಲ್ಲಿ ಬೂಷ್ಟು ಹಿಡಿದದ್ದನ್ನು ನಾನು ಕಂಡಿಲ್ಲ.

ಬೀರುವನ್ನು ಗೋಡೆಯಿಂದ ನಾಲ್ಕು ಬೆರಳಾದರೂ ದೂರ ಇಡಿ, ಪಡುವಣ ಗೋಡೆಗೆ ಇಡದಿದ್ದರೆ ಇನ್ನೂ ಒಳ್ಳೆಯದು. ಬೀರುವಿನೊಳಗೆ ಹಳೆಯ ತಂತಿಬಲ್ಬ್ ಉರಿಸಿಡುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ಎಲ್‌ಇಡಿ ಬಲ್ಬಿಗೆ ಆ ಕಾವಿಲ್ಲ. ಹಳೆಯ ಬಲ್ಬ್ ಇಡುವವರು ಬಟ್ಟೆ ಅದಕ್ಕೆ ತಾಗದಂತೆ ಜಾಲರಿ ಹಾಕಿ, ಮನೆಯಲ್ಲಿ ಜನ ಇರುವಾಗ ಮಾತ್ರ ಉರಿಸಿ.

ತೊಳೆದ ಮೂರನೆಯ ದಿನ, ಹತ್ತನೆಯ ದಿನ, ತಿಂಗಳಿಗೆ ಒಮ್ಮೆ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಿಗೆ ಕಾಣದ ಎಳೆಯ ಬೂಷ್ಟು ಓರೆ ಬೆಳಕಿಗೆ ನವಿರಾಗಿ ಕಾಣುತ್ತದೆ. ಆಗ ಒಂದು ಒದ್ದೆ ಬಟ್ಟೆಯ ಕೆಲಸ ಅಷ್ಟೇ.

ಬಣ್ಣ, ಸುಣ್ಣ

ಬೂಷ್ಟಿನ ಮೇಲೆ ಬಣ್ಣ ಬಳಿದರೆ ಅದು ಬಣ್ಣದ ಕೆಳಗೆ ಬದುಕಿ, ಬಣ್ಣವನ್ನೇ ತಿಂದು ಹೊರಗೆ ಬರುತ್ತದೆ. ಶಿಲೀಂಧ್ರ ತಡೆಯುವ ಪೇಂಟ್‌ಗಳು ಇವೆ, ಒಣಗಿದ ಶುದ್ಧ ಗೋಡೆಗೆ ಹಚ್ಚಿದರೆ ಕೆಲವು ವರ್ಷ ನಿಲ್ಲುತ್ತವೆ. ಹಳೆಯ ಮಣ್ಣಿನ ಗೋಡೆ, ಸುಣ್ಣದ ಗಾರೆಯ ಮನೆ ಇರುವವರಿಗೆ ನನ್ನ ಮಾತು ಸುಣ್ಣವೇ. ಅರಳಿಸಿದ ಸುಣ್ಣ ತೀರಾ ಕ್ಷಾರ, ಅದು ಹಸಿಯಾಗಿರುವವರೆಗೆ ಬೂಷ್ಟು ಹತ್ತಿರ ಬರುವುದಿಲ್ಲ. ಆಮೇಲೂ ಗೋಡೆ ಉಸಿರಾಡಲು ಬಿಡುತ್ತದೆ, ಒಳಗಿನ ತೇವ ಹೊರಗೆ ಹೋಗುತ್ತದೆ. ಅದೇ ಗೋಡೆಗೆ ಪ್ಲಾಸ್ಟಿಕ್ಕಿನಂಥ ಎಮಲ್ಷನ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಬಣ್ಣ ಗುಳ್ಳೆಯೇಳುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ, ಬಳಿಯುವಾಗ ಕನ್ನಡಕ ಇರಲಿ.

ಆತುರ ಬೇಡ. ಹಸ್ತ, ಚಿತ್ತೆ ಕಳೆದು ದೀಪಾವಳಿಯ ಹೊತ್ತಿಗೆ ಬಿಸಿಲು ಹತ್ತಿದ ಮೇಲೆ ಮೊದಲು ಹೇಳಿದ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಆ ಗೋಡೆಗೆ ಅಂಟಿಸಿ. ಎರಡು ದಿನ ಕಳೆದು ತೆಗೆದಾಗ ಹಿಂಬದಿ ಒಣಗಿಯೇ ಇದ್ದರೆ ಸುಣ್ಣದ ಬಕೆಟಿಗೆ ಬ್ರಷ್ ಅದ್ದಿ. ಬೆವರಿದ್ದರೆ ಇನ್ನೊಂದು ವಾರ ಬಿಸಿಲು ಕಾಣಿಸಿ, ಮತ್ತೆ ಅಂಟಿಸಿ ನೋಡಿ.